ಮಂಜುಗಡ್ಡೆಯ ದಪ್ಪವನ್ನು ಲೆಕ್ಕ ಹಾಕಿ ಅಳೆಯುವುದು

ಕೆರೆಯ ಹರವನ್ನಷ್ಟೇ ನೋಡಿ ನೀರೆಷ್ಟಿದೆ ಎಂದು ಹೇಳುವವರು ಹೂಳನ್ನು ಮರೆತಿರುತ್ತಾರೆ. ಆರ್ಕ್ಟಿಕ್ ಸಾಗರದ ಮೇಲೆ ತೇಲುವ ಮಂಜುಗಡ್ಡೆಯ ವಿಷಯದಲ್ಲೂ ನಾವು ಬಹುಕಾಲ ಹರವನ್ನೇ ನೋಡುತ್ತ ಬಂದೆವು. 1978ರ ಕೊನೆಯಿಂದ ಉಪಗ್ರಹಗಳು ಮೋಡಕ್ಕೂ ಆರು ತಿಂಗಳ ಇರುಳಿಗೂ ಅಂಜದೆ, ಮೈಕ್ರೋವೇವ್ ಕಿರಣಗಳನ್ನು ಗ್ರಹಿಸಿ ಈ ಹರವನ್ನು ಅಳೆಯುತ್ತಿವೆ. ಅದು ವರ್ಷದಲ್ಲಿ ಅತ್ಯಂತ ಕಡಿಮೆಯಾಗುವುದು ಸೆಪ್ಟೆಂಬರಿನಲ್ಲಿ. 1979ರ ಸೆಪ್ಟೆಂಬರಿನಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇದ್ದದ್ದು 2012ರಲ್ಲಿ ಅದರ ಅರ್ಧಕ್ಕೆ ಬಂದಿತ್ತು. ದಪ್ಪವನ್ನೂ ಸೇರಿಸಿ ಒಟ್ಟು ಗಾತ್ರವನ್ನು ಲೆಕ್ಕ ಹಾಕಿದರೆ ಕಾಣುವ ಇಳಿಕೆ ಇನ್ನೂ ಕಡಿದಾದದ್ದು: ಸುಮಾರು 17 ಸಾವಿರ ಘನ ಕಿಲೋಮೀಟರಿನಿಂದ 4 ಸಾವಿರಕ್ಕೂ ಕೆಳಗೆ. ಉಳಿದದ್ದು ಕಾಲು ಭಾಗಕ್ಕಿಂತ ಕಡಿಮೆ. ಈ ಎರಡನೆಯ ಅಂಕಿಯನ್ನು ಯಾವ ಉಪಕರಣವೂ ನೇರವಾಗಿ ಅಳೆದದ್ದಲ್ಲ, ಕಂಪ್ಯೂಟರ್ ಮಾದರಿಯೊಂದು ಕೊಟ್ಟದ್ದು. ಅದನ್ನು ನಂಬಬಹುದು ಎಂಬುದು ನನ್ನ ವಾದ. ಯಾವ ಕಾರಣಕ್ಕೆ, ಎಷ್ಟರ ಮಟ್ಟಿಗೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಏಳುವ ಆಕ್ಷೇಪ ಸಹಜವಾದದ್ದೇ. ಅಳೆಯಲು ಸಾಧ್ಯವಿರುವಾಗ ಲೆಕ್ಕ ಹಾಕುವುದೇಕೆ? ಅಳತೆಗಳು ಇಲ್ಲದಿಲ್ಲ. 1958ರಲ್ಲಿ ಅಮೆರಿಕದ ಅಣುಚಾಲಿತ ಜಲಾಂತರ್ಗಾಮಿ ನಾಟಿಲಸ್ ಉತ್ತರ ಧ್ರುವದ ಕೆಳಗೆ ಹಾದುಹೋದ ಮೇಲೆ, ಅಂಥ ನೌಕೆಗಳು ಸೋನಾರ್ ಶಬ್ದವನ್ನು ಮೇಲ್ಮುಖವಾಗಿ ಹಾಯಿಸಿ ಮಂಜುಗಡ್ಡೆ ನೀರಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ದಾಖಲಿಸುತ್ತ ಬಂದವು. ಆ ದಾಖಲೆಗಳನ್ನು ಹೋಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನ ಹೇಳುವಂತೆ, 1958-76ರ ಅವಧಿಯಲ್ಲಿ ಬೇಸಿಗೆಯ ಕೊನೆಗೆ ಸರಾಸರಿ 3.1 ಮೀಟರ್ ಇದ್ದ ಆ ಆಳ 1990ರ ದಶಕದಲ್ಲಿ 1.8 ಮೀಟರಿಗೆ ಇಳಿದಿತ್ತು. ಬೆಚ್ಚಿಬೀಳಿಸುವ ಅಂಕಿಯೇ. ಆದರೆ ನೌಕೆ ಹೋದ ವರ್ಷಗಳಲ್ಲಿ, ಹೋದ ದಾರಿಯಲ್ಲಷ್ಟೇ ಅಳತೆ ಸಿಕ್ಕುತ್ತದೆ. ಮುಂದೆ ಉಪಗ್ರಹಗಳು ಬಂದವು: 2003ರಲ್ಲಿ ಲೇಸರ್ ಹೊತ್ತ ಐಸ್‌ಸ್ಯಾಟ್, 2010ರಲ್ಲಿ ರೇಡಾರ್ ಹೊತ್ತ ಕ್ರಯೋಸ್ಯಾಟ್-2, 2018ರಲ್ಲಿ ಐಸ್‌ಸ್ಯಾಟ್-2. ಇವಕ್ಕೆ ಕಾಣುವುದು ನೀರಿನ ಮಟ್ಟದಿಂದ ಮೇಲಿರುವ ಭಾಗ ಮಾತ್ರ, ಅದು ಒಟ್ಟು ದಪ್ಪದ ಹತ್ತನೇ ಒಂದು ಪಾಲು. ಅದನ್ನು ಹೆಚ್ಚುಕಡಿಮೆ ಹತ್ತರಿಂದ ಗುಣಿಸಿದರೆ ದಪ್ಪ ಸಿಗುತ್ತದೆ; ತಪ್ಪೂ ಹತ್ತರಿಂದಲೇ ಗುಣಿಸಿಕೊಳ್ಳುತ್ತದೆ. ಮೇಲ್ಭಾಗವನ್ನು ಅಳೆಯುವಾಗ 5 ಸೆಂಟಿಮೀಟರ್ ತಪ್ಪಿದರೆ ದಪ್ಪದಲ್ಲಿ ಅರ್ಧ ಮೀಟರ್ ತಪ್ಪುತ್ತದೆ. ಇದರ ಮೇಲೆ ಹಿಮದ ಹೊದಿಕೆಯ ಭಾರವೂ ಗೊತ್ತಿರಬೇಕು. ಆ ಹಿಮದ ಬಗ್ಗೆ ಬಹುಕಾಲ ಬಳಕೆಯಲ್ಲಿದ್ದದ್ದು ಸೋವಿಯತ್ ಒಕ್ಕೂಟದ ತೇಲು ನೆಲೆಗಳಲ್ಲಿದ್ದವರು 1954ರಿಂದ 1991ರವರೆಗೆ ಕೈಯಾರೆ ಅಳೆದ ಸರಾಸರಿಗಳು. ಬೇಸಿಗೆಯಲ್ಲಂತೂ ಮಂಜುಗಡ್ಡೆಯ ಮೇಲೆ ಕರಗಿ ನಿಂತ ನೀರು ರೇಡಾರನ್ನು ಮೋಸಗೊಳಿಸುತ್ತದೆ. ಕ್ರಯೋಸ್ಯಾಟ್-2ರ ದತ್ತಾಂಶದಿಂದ ಬೇಸಿಗೆಯ ದಪ್ಪವನ್ನು ಹೊರತೆಗೆಯಲು 2022ರವರೆಗೆ ಕಾಯಬೇಕಾಯಿತು. ಅಂದರೆ ಉಪಗ್ರಹದ ‘ಅಳತೆ’ಯ ಒಳಗೂ ಸಾಂದ್ರತೆ, ಹಿಮ, ತೇಲುವಿಕೆ ಇವುಗಳ ಮಾದರಿಯೊಂದು ಕುಳಿತಿದೆ. ಮಾದರಿ ಬೇಡವೆನ್ನುವವರಿಗೆ ದಪ್ಪದ ಅಂಕಿಯೇ ಸಿಗಲಾರದು.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಧ್ರುವ ವಿಜ್ಞಾನ ಕೇಂದ್ರದಲ್ಲಿ ಜಿನ್ಲುನ್ ಝಾಂಗ್ ಮತ್ತು ಆ್ಯಂಡ್ರೂ ರಾಥ್‌ರಾಕ್ ರೂಪಿಸಿದ ‘ಪಯೋಮಾಸ್’ ಎಂಬ ಮಾದರಿ ಈ ಕೆಲಸವನ್ನು ಬಹಿರಂಗವಾಗಿ ಮಾಡುತ್ತದೆ. ಸಾಗರವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ಶಾಖದ ಜಮಾ-ಖರ್ಚು ಬರೆಯುತ್ತದೆ. ಗಾಳಿ, ಉಷ್ಣತೆ, ಬಿಸಿಲು ಇವುಗಳ ದಾಖಲೆ ಒಂದು ಕಡೆಯಿಂದ, ಉಪಗ್ರಹ ಕಂಡ ಹರವು ಮತ್ತು ನೀರಿನ ಮೇಲ್ಮೈ ಉಷ್ಣತೆ ಇನ್ನೊಂದು ಕಡೆಯಿಂದ ಒಳಬರುತ್ತವೆ. ಕೆಳಗಿನ ನೀರು ಹೆಪ್ಪುಗಟ್ಟಿ ಪದರ ಬೆಳೆಯುವುದು, ಮೇಲಿನದು ಕರಗುವುದು ಒಂದು ಲೆಕ್ಕ. ಇನ್ನೊಂದು ಚಲನೆಯದು, ಕಷ್ಟದ್ದು. ನಾರ್ವೆಯ ನಾನ್ಸೆನ್ 1893ರಿಂದ 1896ರವರೆಗೆ ‘ಫ್ರಾಮ್’ ಹಡಗನ್ನು ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಕ್ಕಿಸಿ, ಅದು ಗಾಳಿಯ ದಿಕ್ಕಿಗಿಂತ ಬಲಕ್ಕೆ ಸರಿದು ತೇಲುತ್ತದೆಂದು ಕಂಡುಕೊಂಡರು. ಭೂಮಿ ತಿರುಗುವುದರಿಂದ ಆಗುವ ಆ ಬಾಗುವಿಕೆಯೂ ಈ ಸಮೀಕರಣಗಳಲ್ಲಿದೆ. ಗಾಳಿ ತಳ್ಳಿದಾಗ ಹಲಗೆಗಳು ಒಂದನ್ನೊಂದು ಹತ್ತಿ ಮುರಿದು ದಿಬ್ಬಗಳಾಗುತ್ತವೆ. ಆದ್ದರಿಂದ ಒಂದೇ ಚೌಕದಲ್ಲಿ ತೆಳ್ಳಗಿನದೂ ದಪ್ಪದ್ದೂ ಒಟ್ಟಿಗಿರುತ್ತವೆ. ಮಾದರಿ ಒಂದೇ ಸರಾಸರಿಗೆ ತೃಪ್ತಿಪಡದೆ ದಪ್ಪವನ್ನು ಹಲವು ವರ್ಗಗಳಾಗಿ ಹಂಚಿ ಎಲ್ಲವನ್ನೂ ಹಿಂಬಾಲಿಸುತ್ತದೆ.

ಮಾದರಿಯ ಕೆಲವು ಗುಣಾಂಕಗಳನ್ನು ಹಳೆಯ ಅಳತೆಗಳಿಗೆ ಹೊಂದಿಸಲಾಗಿದೆ ಎಂಬುದು ನಿಜ. ಆದರೆ ದಿನದಿನದ ಲೆಕ್ಕದೊಳಗೆ ದಪ್ಪದ ಅಳತೆ ಒಂದನ್ನೂ ಸೇರಿಸುವುದಿಲ್ಲ. ನನಗೆ ಈ ಮಾದರಿಯ ಮೇಲೆ ವಿಶ್ವಾಸ ಹುಟ್ಟಿಸುವುದು ಇದೇ. ದಪ್ಪವನ್ನು ಒಳಗೆ ಹಾಕದೆ ಹೊರಗೆ ತೆಗೆಯುವುದರಿಂದ ಜಲಾಂತರ್ಗಾಮಿ ಮತ್ತು ಉಪಗ್ರಹಗಳ ಅಳತೆಯೊಂದಿಗೆ ಹೋಲಿಸಿ ಅದನ್ನು ತಪ್ಪೆಂದು ತೋರಿಸುವ ಅವಕಾಶ ತೆರೆದೇ ಇದೆ. 2011ರಲ್ಲಿ ಆ ಕೇಂದ್ರದವರೇ ಹಾಗೆ ಒರೆಗೆ ಹಚ್ಚಿದರು, ಕೊರತೆ ಕಂಡಿತು: ತೆಳ್ಳಗಿನ ಮಂಜುಗಡ್ಡೆಯನ್ನು ಮಾದರಿ ದಪ್ಪವೆನ್ನುತ್ತದೆ, ದಪ್ಪದ್ದನ್ನು ತೆಳ್ಳಗೆ ತೋರಿಸುತ್ತದೆ. ಹಾಗಾದರೆ ಇಳಿಕೆಯೂ ಸುಳ್ಳಿರಬಹುದಲ್ಲವೇ ಎಂದು ಕೇಳಬಹುದು. ಈ ದೋಷದ ದಿಕ್ಕನ್ನು ಗಮನಿಸಬೇಕು. ದಪ್ಪವಿದ್ದ ಹಿಂದಿನ ಕಾಲವನ್ನು ಕಡಿಮೆ ಎಂದೂ ತೆಳುವಾದ ಇಂದಿನದನ್ನು ಹೆಚ್ಚು ಎಂದೂ ಹೇಳುವ ಲೆಕ್ಕ ನಷ್ಟವನ್ನು ಹಿಗ್ಗಿಸುವುದಿಲ್ಲ, ಕುಗ್ಗಿಸುತ್ತದೆ. ದಶಕಕ್ಕೆ 2.8 ಸಾವಿರ ಘನ ಕಿಲೋಮೀಟರ್ ಇಳಿಕೆ, ಅದರಲ್ಲಿ 1 ಸಾವಿರದಷ್ಟು ಆಚೀಚೆಯಾಗಬಹುದು ಎಂದು ಅವರು ಬರೆದರು. ಅನಿಶ್ಚಿತತೆ ಅಷ್ಟು ದೊಡ್ಡದಿದ್ದರೂ ಇಳಿಕೆ ಅದರಲ್ಲಿ ಮುಚ್ಚಿಹೋಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. 2012ರ ಆಸುಪಾಸಿನಲ್ಲಿ ಕೆಲವರು ಪಯೋಮಾಸ್‌ನ ಗಾತ್ರದ ರೇಖೆಯನ್ನು ಹಾಗೆಯೇ ಕೆಳಗೆ ಎಳೆದು, ದಶಕ ಅರ್ಧ ಕಳೆಯುವಷ್ಟರಲ್ಲಿ ಸೆಪ್ಟೆಂಬರಿನ ಆರ್ಕ್ಟಿಕ್ ಬರಿದಾಗುತ್ತದೆ ಎಂದರು. ಆಗಲಿಲ್ಲ. ಮಾದರಿ ಸೋತಿತು ಎಂದು ಇಂದಿಗೂ ಹೇಳುವವರಿದ್ದಾರೆ. ಸೋತದ್ದು ಮಾದರಿಯಲ್ಲ, ಕಾಗದದ ಮೇಲೆ ಎಳೆದ ಗೆರೆ. ಗೆರೆಗೆ ಭೌತವಿಜ್ಞಾನ ತಿಳಿಯದು. 1891ರಲ್ಲೇ ಆಸ್ಟ್ರಿಯಾದ ಜೋಸೆಫ್ ಸ್ಟೆಫಾನ್ ತೋರಿಸಿದ್ದರು: ಶಾಖ ಮಂಜುಗಡ್ಡೆಯ ಮೂಲಕವೇ ಮೇಲೇರಿ ಹೊರಹೋಗಬೇಕಾದ್ದರಿಂದ ಪದರ ದಪ್ಪವಾದಷ್ಟೂ ಅದರ ಬೆಳವಣಿಗೆ ನಿಧಾನವಾಗುತ್ತದೆ. ಅದೇ ಚಳಿಯಲ್ಲಿ 1 ಮೀಟರಿನ ಪದರ 2 ಮೀಟರಿನದಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಹೆಚ್ಚು ಕಳೆದುಕೊಂಡ ಸಾಗರ ಚಳಿಗಾಲದಲ್ಲಿ ಹೆಚ್ಚು ಗಳಿಸುತ್ತದೆ, ಇಳಿಕೆ ನೇರ ಗೆರೆಯಾಗದೆ ಮೆಲ್ಲಗಾಗುತ್ತದೆ. ಇದು ಚೇತರಿಕೆಯಲ್ಲ. ಹಾಗೆ ಮರಳಿ ಬಂದದ್ದು ಒಂದು ವರ್ಷದ ತೆಳು ಪದರ. ಒಂದು ಬೆಚ್ಚಗಿನ ಬೇಸಿಗೆ, ಒಂದು ಬಿರುಗಾಳಿ ಅದನ್ನು ಒಡೆದು ಕರಗಿಸಬಲ್ಲದು. ಹರವಿನ ನಕ್ಷೆಯಲ್ಲಿ ಆ ತೆಳುಪದರಕ್ಕೂ ಹಲವು ಬೇಸಿಗೆ ದಾಟಿದ ಹಳೆಯ ಮಂಜುಗಡ್ಡೆಗೂ ಒಂದೇ ಬಿಳಿ ಬಣ್ಣ. ದಪ್ಪದ ಲೆಕ್ಕ ಮಾತ್ರ ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ.

ಹಿಮದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಐಸ್‌ಸ್ಯಾಟ್-2ರ ಲೇಸರ್ ಹಿಮದ ಮೇಲಿನಿಂದ ಹಿಂತಿರುಗುತ್ತದೆ, ಕ್ರಯೋಸ್ಯಾಟ್-2ರ ರೇಡಾರ್ ಬಹುಮಟ್ಟಿಗೆ ಹಿಮದ ಬುಡದವರೆಗೆ ಹೋಗುತ್ತದೆ; ಎರಡರ ವ್ಯತ್ಯಾಸದಿಂದ ಹಿಮವನ್ನೇ ಅಳೆಯುವ ಪ್ರಯತ್ನ ನಡೆದಿದೆ. ಯೂರೋಪಿನ ಬಾಹ್ಯಾಕಾಶ ಸಂಸ್ಥೆ ಸಿದ್ಧಪಡಿಸುತ್ತಿರುವ ಕ್ರಿಸ್ಟಲ್ ಉಪಗ್ರಹ ಎರಡು ಆವರ್ತನಗಳ ರೇಡಾರನ್ನು ಒಂದೇ ಕಡೆ ಇಟ್ಟುಕೊಂಡು ಹೋಗಲಿದೆ. ಅದರ ಅಂಕಿಗಳು ಬಂದಾಗ ಪಯೋಮಾಸ್‌ನ ಯಾವ ಚೌಕ ಎಷ್ಟು ತಪ್ಪಿತ್ತು ಎಂಬುದು ಹಿಂದೆಂದಿಗಿಂತ ಸ್ಪಷ್ಟವಾಗಿ ತಿಳಿಯಲಿದೆ. ಕೆನಡಾದ ಉತ್ತರ ಅಂಚಿನಲ್ಲಿ ಅತಿ ದಪ್ಪದ ಹಳೆಯ ಮಂಜುಗಡ್ಡೆ ಒತ್ತರಿಸಿ ನಿಂತಿರುವ ಪ್ರದೇಶವನ್ನು ಅದು ಮೊದಲು ನೋಡಬೇಕು. ಮಾದರಿ ದಪ್ಪವನ್ನು ಕಡಿಮೆ ಹೇಳುವ ಜಾಗ ಅದೇ.