ಇನ್‌ಫ್ಲುಯೆಂಜಾ ಜ್ವರದ ಮೂಲ

ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ನಾವು ಮೊದಲು ಹಣೆಯ ಮೇಲೆ ಕೈಯಿಟ್ಟು ನೋಡುತ್ತೇವೆ. ಆ ಶಾಖವನ್ನು ಉಂಟುಮಾಡಿದುದು ರೋಗದ ವಿಷವೇ ಎಂದು ಭಾವಿಸುವುದು ಸಹಜ. ಇನ್‌ಫ್ಲುಯೆಂಜಾ ರೋಗದಲ್ಲಿ ಈ ಭಾವನೆ ಅರ್ಧಸತ್ಯ ಮಾತ್ರ. ಇದನ್ನು ನಮಗೆ ತಿಳಿಸಿಕೊಟ್ಟವು ಪ್ರಯೋಗಶಾಲೆಯ ಕೆಲವು ಮೂಕಪ್ರಾಣಿಗಳು.

1918ರ ಮಹಾಮಾರಿಯಲ್ಲಿ ಭಾರತವೊಂದರಲ್ಲಿಯೇ ಕೋಟಿಗೂ ಮೀರಿದ ಜನರು ಮಡಿದರು. ಆ ರೋಗದ ಬೀಜವಾವುದೆಂಬುದು ಅಂದಿನ ವೈದ್ಯರಿಗೆ ನಿಶ್ಚಯವಾಗಿರಲಿಲ್ಲ. 1933ರಲ್ಲಿ ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಸಂಸ್ಥೆಯ ವಿಲ್ಸನ್ ಸ್ಮಿತ್, ಆಂಡ್ರೂಸ್ ಮತ್ತು ಲೇಡ್‌ಲಾ ಎಂಬ ಮೂವರು ವಿದ್ವಾಂಸರು ರೋಗಿಯ ಗಂಟಲನ್ನು ತೊಳೆದ ನೀರನ್ನು ಬ್ಯಾಕ್ಟೀರಿಯಗಳು ದಾಟಲಾರದ ಸೂಕ್ಷ್ಮ ಶೋಧಕದ ಮೂಲಕ ಹಾಯಿಸಿ, ಅದನ್ನು ಫೆರೆಟ್ಟುಗಳ ಮೂಗಿಗೆ ಹನಿಸಿದರು. ಮುಂಗುಸಿಯಂತೆ ನೀಳದೇಹವುಳ್ಳ ಈ ಪ್ರಾಣಿಗಳಿಗೆ ಸುಮಾರು ಎರಡು ದಿನಗಳಲ್ಲಿ ಜ್ವರವೇರಿತು. ಸೀನು ಬಂದಿತು, ಮೂಗು ಸೋರಿತು. ರೋಗಬೀಜವು ವೈರಸ್ ಎಂಬುದು ಹೀಗೆ ಸ್ಥಿರಪಟ್ಟಿತು.

ಆದರೆ ವೈರಸ್ ಬೆಳೆಯುವುದು ಮುಖ್ಯವಾಗಿ ಮೂಗು, ಗಂಟಲು, ಶ್ವಾಸನಾಳಗಳ ಒಳಪೊರೆಯಲ್ಲಿ. ದೇಹದ ಉಷ್ಣತೆಯನ್ನು ಆಳುವ ಕೇಂದ್ರವಾದರೋ ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್. ಇವೆರಡರ ನಡುವೆ ಸುದ್ದಿಯನ್ನು ಒಯ್ಯುವವರು ಯಾರು?

ಇದಕ್ಕೆ ಉತ್ತರ ಮೊಲಗಳಿಂದ ದೊರೆಯಿತು. ಮೊಲದ ರಕ್ತದ ಬಿಳಿಯ ಕಣಗಳಿಂದ ಜ್ವರಕಾರಕವಾದ ಒಂದು ವಸ್ತುವನ್ನು ಅಮೆರಿಕದ ಪಾಲ್ ಬೀಸನ್ 1948ರಲ್ಲಿ ಪಡೆದನು. 1958ರಲ್ಲಿ ಅಟ್ಕಿನ್ಸ್ ಮತ್ತು ಹುವಾಂಗ್ ಎಂಬವರು ಮೊಲಗಳ ರಕ್ತನಾಳಕ್ಕೆ ಇನ್‌ಫ್ಲುಯೆಂಜಾ ವೈರಸ್ಸನ್ನು ಚುಚ್ಚಿ, ಜ್ವರವೇರಿದಾಗ ಅವುಗಳ ರಕ್ತದ ದ್ರವಭಾಗವನ್ನು ಬೇರೆ ಮೊಲಗಳಿಗೆ ಕೊಟ್ಟರು. ಆ ಮೊಲಗಳಿಗೂ ಜ್ವರ ಬಂದಿತು. ಅದರಲ್ಲಿದ್ದ ಜ್ವರಕಾರಕವು ಗುಣದಲ್ಲಿ ವೈರಸ್ಸಿನಿಂದ ಭಿನ್ನವಾಗಿದ್ದಿತು. ಅದು ಮೊಲದ ದೇಹವೇ ತಯಾರಿಸಿದ ವಸ್ತು. ಕಳ್ಳನು ಬಂದನೆಂದು ಕಾವಲುಗಾರರು ದೀವಟಿಗೆ ಹೊತ್ತಿಸಿದಂತೆ, ವೈರಸ್ಸನ್ನು ಕಂಡ ರಕ್ಷಕಕಣಗಳೇ ಬೆಂಕಿಯ ಸಂದೇಶವನ್ನು ಕಳುಹುತ್ತವೆ.

ಇಂತಹ ವಸ್ತುಗಳಲ್ಲೊಂದಕ್ಕೆ ಮುಂದೆ ಇಂಟರ್‌ಲ್ಯೂಕಿನ್-1 ಎಂದು ಹೆಸರಾಯಿತು. ಇವುಗಳ ಪ್ರಚೋದನೆಯಿಂದ ಮೆದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಎಂಬ ಪದಾರ್ಥ ಹುಟ್ಟಿ, ಉಷ್ಣತೆಯ ಗುರಿಯನ್ನೇ ಮೇಲಕ್ಕೇರಿಸುವುದು. ಮೈ ಇನ್ನೂ ಆ ಗುರಿಯನ್ನು ಮುಟ್ಟಿಲ್ಲವಾದುದರಿಂದಲೇ ಜ್ವರದ ಆರಂಭದಲ್ಲಿ ನಡುಕವುಂಟಾಗಿ ನಾವು ಕಂಬಳಿಯನ್ನು ಬೇಡುವೆವು. ಆಸ್ಪಿರಿನ್ ಈ ಪ್ರೊಸ್ಟಗ್ಲಾಂಡಿನ್ನುಗಳ ಉತ್ಪತ್ತಿಯನ್ನು ತಡೆಯುವುದೆಂದು ಜಾನ್ ವೇನ್ 1971ರಲ್ಲಿ ತೋರಿಸಿದನು. ಇನ್‌ಫ್ಲುಯೆಂಜಾ ತಗುಲಿದ ಮಕ್ಕಳಿಗೆ ಮಾತ್ರ ಆಸ್ಪಿರಿನ್ ಕೊಡಲಾಗದು; ಮೆದುಳು ಮತ್ತು ಯಕೃತ್ತನ್ನು ಕೆಡಿಸುವ ರೈ ಎಂಬ ಭೀಕರ ವ್ಯಾಧಿಗೆ ಅದು ದಾರಿಯಾಗಬಹುದು.

ಇಲ್ಲಿ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಇದೇ ವೈರಸ್ ಇಲಿಯನ್ನು ಹಿಡಿದರೆ ಸಾಮಾನ್ಯವಾಗಿ ಅದರ ಮೈ ಕಾಯುವುದಿಲ್ಲ, ತಣ್ಣಗಾಗುತ್ತದೆ. 2023ರಲ್ಲಿ ಅಮೆರಿಕದ ಸಂಶೋಧಕರು ಇಂತಹ ಇಲಿಗಳಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಅನ್ನು ಗ್ರಹಿಸುವ, ಗಂಟಲಿನ ಕಡೆಯ ನರವೊಂದನ್ನು ಗುರುತಿಸಿದರು. ಆ ನರದ ಮಾರ್ಗವನ್ನು ಕಡಿದಾಗ ರೋಗದ ಮೊದಲ ದಿನಗಳ ಅರುಚಿ, ಜಡತೆ, ಮೈಶೀತಗಳು ಬಹಳವಾಗಿ ತಗ್ಗಿದವು. ಸುದ್ದಿಯು ರಕ್ತದ ಹೊಳೆಯಲ್ಲಿ ಮಾತ್ರವಲ್ಲದೆ ನರದ ತಂತಿಯಲ್ಲಿಯೂ ಹೋಗುವುದೆಂದು ಇದರಿಂದ ತಿಳಿಯಿತು.

ಆದುದರಿಂದ ಇಲಿಯ ಉಷ್ಣಮಾಪಕವನ್ನಷ್ಟೇ ನೋಡಿ ಮನುಷ್ಯನ ಜ್ವರಕ್ಕೆ ಔಷಧವನ್ನು ನಿರ್ಣಯಿಸುವುದು ಕ್ಷೇಮವಲ್ಲ. ಯಾವ ಪ್ರಶ್ನೆಯನ್ನು ಯಾವ ಪ್ರಾಣಿಯಲ್ಲಿ ಕೇಳಬೇಕೆಂಬ ವಿವೇಕ ಮೊದಲು ಬೇಕು. ಆ ವಿವೇಕವಿಲ್ಲದೆ ನಡೆದ ಪ್ರಯೋಗದಲ್ಲಿ ಪ್ರಾಣಿಯ ನೋವೂ ವ್ಯರ್ಥ, ರೋಗಿಯ ನಿರೀಕ್ಷೆಯೂ ವ್ಯರ್ಥ.