ಹೊಳಿ ಬಂದರೆ ಹೊಂಡದ ಮೀನಿಗೆ ಯಾರು ದಿಕ್ಕು?

ಅಕ್ಕಂದಿರೇ,

ಮಳೆಗಾಲ ಬಂತು ಅಂದರೆ ನಮ್ಮ ಎದೆ ಡವಡವ ಅನ್ನುತ್ತದೆ. ಅತ್ತ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗುತ್ತದೆ. ಕೋಯ್ನಾ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ. ಇತ್ತ ವೇದಗಂಗಾ, ದೂಧಗಂಗಾ, ಕೃಷ್ಣಾ ಹೊಳಿಗಳು ತುಂಬುತ್ತವೆ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ, ಅಥಣಿ, ರಾಯಬಾಗ ತಾಲೂಕುಗಳ ಹೊಳಿದಂಡೆಯ ಊರುಗಳಿಗೆ ನೀರು ಬರುತ್ತದೆ. 2005ರಲ್ಲಿ ಬಂತು. 2019ರಲ್ಲಿ ಬಂತು. 2021ರಲ್ಲೂ ಬಂತು.

ಹೊಳಿ ಬಂದಾಗ ದನ ಹೊಡಕೊಂಡು ಎತ್ತರದ ಜಾಗಕ್ಕೆ ಹೋಗಬಹುದು. ಕಾಳಿನ ಚೀಲ ಅಟ್ಟಕ್ಕೆ ಏರಿಸಬಹುದು. ಆದರೆ ಹೊಂಡದಾಗಿನ ಮೀನು ಏನು ಮಾಡಬೇಕು? ಒಡ್ಡಿನ ಮೇಲೆ ಒಂದು ಗೇಣು ನೀರು ಹರಿದರೆ ಸಾಕು. ಬೆಳಗಾಗುವುದರೊಳಗೆ ಕಾಟ್ಲಾ, ರೋಹು, ಮೃಗಾಲ್ ಎಲ್ಲವೂ ಹೊಳಿ ಸೇರುತ್ತವೆ. ಸಾಲ ಮಾತ್ರ ಮನೆಯಲ್ಲೇ ಉಳಿಯುತ್ತದೆ.

ಇದಕ್ಕೆ ಒಂದು ದಾರಿ ವಿಮೆ.

ವಿಮೆ ಅಂದರೆ ಏನು?

ನಮ್ಮ ಸಂಘದಲ್ಲಿ ಎಲ್ಲರೂ ವಾರಕ್ಕೆ ಇಷ್ಟು ಅಂತ ರೊಕ್ಕ ಹಾಕುತ್ತೇವೆ. ಕಷ್ಟ ಬಂದವರಿಗೆ ಅದು ಆಸರೆ ಆಗುತ್ತದೆ. ವಿಮೆಯೂ ಹೀಗೇ. ಬಹಳ ಮಂದಿ ಸ್ವಲ್ಪ ಸ್ವಲ್ಪ ಕಟ್ಟುತ್ತಾರೆ. ಇದಕ್ಕೆ ಕಂತು ಅನ್ನುತ್ತಾರೆ. ಹಾನಿ ಆದವರಿಗೆ ಅದರಿಂದ ಪರಿಹಾರ ಕೊಡುತ್ತಾರೆ.

ಆದರೆ ಒಂದು ಫರಕು ಇದೆ. ಸಂಘದ ಉಳಿತಾಯ ನಮ್ಮದೇ. ವಿಮೆಯ ಕಂತು ಹಾಗಲ್ಲ. ಹಾನಿ ಆಗದಿದ್ದರೆ ಅದು ತಿರುಗಿ ಬರುವುದಿಲ್ಲ. "ರೊಕ್ಕ ಹೋಯ್ತಲ್ಲ" ಅಂತ ಮರುಗಬೇಡಿ. ಆ ವರ್ಷ ನಿಮ್ಮ ಮೀನು ಉಳಿದವು.

ಮೀನು, ದೋಣಿ, ಜೀವ

ಈ ಮೂರಕ್ಕೂ ವಿಮೆ ಬೇರೆ ಬೇರೆ. ಮೀನಿಗೆ ವಿಮೆ ಇದ್ದರೆ ದೋಣಿಗೆ ಇದ್ದಂತೆ ಆಗಲಿಲ್ಲ. ದೋಣಿಗೆ ಇದ್ದರೆ ಅದರಲ್ಲಿ ಹೋಗುವ ಮನುಷ್ಯನಿಗೆ ಇದ್ದಂತೆ ಆಗಲಿಲ್ಲ. ಕಾರವಾರ, ಉಡುಪಿ ಕಡೆ ನೀರಿನಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕುತ್ತಾರೆ. ಅಂಥಲ್ಲಿ ದೋಣಿ ಬಡಿದು ಪಂಜರ ಹರಿದರೆ ಯಾವ ವಿಮೆ ಹಾನಿ ತುಂಬುತ್ತದೆ? ಅದನ್ನು ಪತ್ರ ನೋಡಿಯೇ ಹೇಳಬೇಕು. ಬ್ಯಾಂಕಿನವರು ಮೀನು ಸಾಕಲು ಸಾಲ ಕೊಟ್ಟರು ಅಂದರೆ ವಿಮೆಯೂ ಆಯಿತು ಅಂತ ತಿಳಿಯಬೇಡಿ. ಬಾಯಿಬಿಟ್ಟು ಕೇಳಿ.

ಮೀನು ಹಿಡಿಯುವವರ ಜೀವಕ್ಕೆ ಸರಕಾರದ ಅಪಘಾತ ವಿಮೆ ಇದೆ. ಅದು 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸೇರಿತು. ಅಪಘಾತದಲ್ಲಿ ಸತ್ತರೆ 5 ಲಕ್ಷ ರೂಪಾಯಿ ಅಂತ ಅದರಲ್ಲಿ ಇಟ್ಟರು. ಕಂತನ್ನು ಸರಕಾರವೇ ಕಟ್ಟುತ್ತದೆ. ಆದರೆ ಹೆಸರು ಪಟ್ಟಿಯಲ್ಲಿ ಇರಬೇಕು. ಈ ವರ್ಷದ ಪಟ್ಟಿಯಲ್ಲಿ ಇದೆಯೇ? ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ.

ಕಂತಿಗೆ ಸರಕಾರದ ಸಹಾಯ

ಹೊಂಡದ ಮೀನಿನ ವಿಮೆಗೂ ಸಹಾಯ ಇದೆ. 2024ರಲ್ಲಿ ಕೇಂದ್ರ ಸರಕಾರ ಪ್ರಧಾನ ಮಂತ್ರಿ ಮತ್ಸ್ಯ ಕಿಸಾನ್ ಸಮೃದ್ಧಿ ಸಹ-ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರ ಅವಧಿ 2026-27ರ ತನಕ. ನೀರಿನ ಜಾಗ 4 ಹೆಕ್ಟೇರ್ ಒಳಗೆ ಇರಬೇಕು. ಅಂದರೆ ಸುಮಾರು 10 ಎಕರೆ. ಕಂತಿನ 100 ರೂಪಾಯಿಗೆ 40 ರೂಪಾಯಿ ಸಹಾಯಧನ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಒಂದು ಹೆಕ್ಟೇರಿಗೆ 25,000 ರೂಪಾಯಿ ಮೀರುವಂತಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಕಂತು 2,000 ರೂಪಾಯಿ ಅಂತ ಇಟ್ಟುಕೊಳ್ಳಿ. 40ರಂತೆ ಸಹಾಯ 800 ರೂಪಾಯಿ. ನಿಮ್ಮ ಕೈಯಿಂದ ಹೋಗುವುದು 1,200 ರೂಪಾಯಿ.

ಇದಕ್ಕೆ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯಲ್ಲಿ ಹೆಸರು ಬರೆಸಬೇಕು. ಆಧಾರ್ ಕಾರ್ಡು, ಬ್ಯಾಂಕ್ ಪುಸ್ತಕ ತಗೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ.

ಯಾವ ಹಾನಿಗೆ ಪರಿಹಾರ?

ಈ ಯೋಜನೆಯ ವಿಮೆ ಎರಡು ಬಗೆ. ಮೂಲ ವಿಮೆಯಲ್ಲಿ ಪ್ರವಾಹ, ಭೂಕಂಪ, ನೀರಿಗೆ ಹೊಲಸು ಸೇರುವುದು, ಯಾರಾದರೂ ವಿಷ ಹಾಕುವುದು, ಬ್ಯಾಸಗಿಯಲ್ಲಿ ಮೀನು ಸಾಯುವುದು ಸೇರುತ್ತವೆ. ಮೀನಿಗೆ ರೋಗ ಬಂದರೆ ಮೂಲ ವಿಮೆ ಸಾಲದು. ಅದಕ್ಕೆ ಸಮಗ್ರ ವಿಮೆ ಬೇಕು. ನಮ್ಮ ಅಲಕ್ಷ್ಯದಿಂದ ಮೀನು ಸತ್ತರೆ ಪರಿಹಾರ ಕೇಳಲು ಬರುವುದಿಲ್ಲ.

ಇನ್ನೊಂದು ಮಾತು. ಹೊಳಿ ಉಕ್ಕಿದ ಮೇಲೆ ವಿಮೆ ಮಾಡಿಸಲು ಓಡಿದರೆ ನಡೆಯದು. ಮೀನುಮರಿ ಬಿಡುವಾಗಲೇ ಮಾಡಿಸಬೇಕು.

ಲೆಕ್ಕವೇ ಸಾಕ್ಷಿ

ಎಮ್ಮೆ ಸತ್ತರೆ ತೋರಿಸಬಹುದು. ಮನೆ ಬಿದ್ದರೆ ಫೋಟೋ ತೆಗೆಯಬಹುದು. ಹರಿದು ಹೋದ ಮೀನನ್ನು ಹೇಗೆ ತೋರಿಸುತ್ತೀರಿ? ಹೊಂಡದಲ್ಲಿ ಎಷ್ಟು ಮೀನು ಇದ್ದವು? "ಬಹಳ ಇದ್ದವು ಸಾಹೇಬ್ರ" ಅಂದರೆ ವಿಮೆಯವರು ಒಪ್ಪುವುದಿಲ್ಲ.

ಅದಕ್ಕೇ ಒಂದು ವಹಿ ಇಡಿ. ಹೀಗೆ ಬರೆಯಿರಿ:

• ಮೀನುಮರಿ ಬಿಟ್ಟ ತಾರೀಖು, ಎಷ್ಟು ಮರಿ, ಎಷ್ಟು ರೂಪಾಯಿ.
• ಹಾಕಿದ ಆಹಾರ, ಅದರ ಖರ್ಚು.
• ತಿಂಗಳಿಗೊಮ್ಮೆ ಬಲೆ ಹಾಕಿ ತೂಗಿದ ಮೀನಿನ ತೂಕ.
• ಮಾರಿದ ಮೀನು, ಸತ್ತ ಮೀನು.

ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊಳಿ ಬಂದಾಗ ಮೊದಲು ಮಕ್ಕಳನ್ನು ಎತ್ತಿಕೊಳ್ಳಿ. ಆ ಚೀಲವೂ ಸಂಗಡ ಬರಲಿ.

ಹಾನಿ ಆದ ಕೂಡಲೇ ವಿಮೆ ಕಂಪನಿಗೆ ತಿಳಿಸಿ. ಎಷ್ಟು ದಿನದೊಳಗೆ ತಿಳಿಸಬೇಕು ಅಂತ ಪಾಲಿಸಿ ಪತ್ರದಲ್ಲಿ ಬರೆದಿರುತ್ತದೆ. ಮೀನುಗಾರಿಕೆ ಇಲಾಖೆಗೂ ತಿಳಿಸಿ. ಒಡೆದ ಒಡ್ಡು, ಸತ್ತ ಮೀನಿನ ಫೋಟೋ ತೆಗೆಯಿರಿ. ಪತ್ರ ಕೊಟ್ಟರೆ ಅದರ ಪ್ರತಿಯ ಮೇಲೆ ಸಹಿ, ಶಿಕ್ಕಾ ತಗೊಳ್ಳಿ.

ಕಾಗದದಲ್ಲಿ ಏನಿದೆ ಅಂತ ಓದದೆ ಸಹಿ ಹಾಕಬೇಡಿ. ತಿಳಿಯದಿದ್ದರೆ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಹಿಂದೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ನಮ್ಮ ಲೆಕ್ಕ ಬೇರೆಯವರ ವಹಿಯಲ್ಲಿ ಇರುತ್ತಿತ್ತು. ಈಗ ನಮಗೆ ಅಕ್ಷರ ಬಂದಿದೆ, ಅಂಕಿ ಬಂದಿದೆ. ನಮ್ಮ ಹೊಂಡದ ಲೆಕ್ಕ ನಾವೇ ಬರೆಯೋಣ. ಹೊಳಿ ಮೀನು ಒಯ್ದರೂ ಆ ಬರಹ ನಮ್ಮ ಕೈಯಲ್ಲಿ ಇರುತ್ತದೆ.