80 ಸಾವಿರದ ಕೋರ್ಸ್ ಸೇರ್ಲಾ ಅಕ್ಕಾ? ಪ್ರಾಜೆಕ್ಟ್ ಮ್ಯಾನೇಜರ್ ಆಗೋದು ಹೇಗೆ?

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ರೆ ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ, ಇವತ್ತು ಮಧ್ಯದಲ್ಲಿ ಸ್ವಲ್ಪ ಲೆಕ್ಕಾನೂ ಬರುತ್ತೆ.

ಹೋದ ವಾರ ದಾವಣಗೆರೆಯಿಂದ ಒಬ್ಬ ಹುಡುಗ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಕ್ಕಾ, ಬಿಕಾಂ ಮುಗಿಸಿ ಎರಡು ವರ್ಷ ಆಯ್ತು. ಮಾವನ ಶಾಮಿಯಾನ ಅಂಗಡಿ ನೋಡ್ಕೊಂಡಿದೀನಿ. ಬೆಂಗಳೂರಲ್ಲಿ ಒಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಇದೆ, 80 ಸಾವಿರ. ಮುಗಿದ ತಕ್ಷಣ ಪಿಎಂಪಿ ಬರೆಸ್ತಾರಂತೆ, ಕೆಲಸ ಗ್ಯಾರಂಟಿ ಅಂತೆ. ಅಮ್ಮ ಬಳೆ ಅಡ ಇಡ್ತೀನಿ ಅಂತಿದಾರೆ. ಸೇರ್ಲಾ? ನಂಗೆ ಎಕ್ಸ್‌ಪೀರಿಯನ್ಸ್ ಏನೂ ಇಲ್ಲ."

ಈ ಮೆಸೇಜನ್ನ ನಾನು ಮೂರು ಸಲ ಕೇಳಿದೆ. ಅದರಲ್ಲಿ ಎರಡು ತಪ್ಪು ಮಾಹಿತಿ ಇದೆ. ಒಂದು ಕೋರ್ಸಿನವರು ಹೇಳಿದ್ದು, ಇನ್ನೊಂದು ಹುಡುಗ ತನ್ನ ಬಗ್ಗೆ ತಾನೇ ಹೇಳ್ಕೊಂಡಿದ್ದು.

ಮೊದಲನೇದು ಬೇಗ ಮುಗಿಸೋಣ. ಪಿಎಂಪಿ ಅನ್ನೋದು ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಅಂದ್ರೆ ಪಿಎಂಐ ಕೊಡೋ ಸರ್ಟಿಫಿಕೇಟ್. ಈ ಸಂಸ್ಥೆ ಶುರುವಾಗಿದ್ದು 1969ರಲ್ಲಿ, ಪಿಎಂಪಿ ಬಂದಿದ್ದು 1984ರಲ್ಲಿ. ಪರೀಕ್ಷೆ ಬರೆಯೋಕೆ ಕೋರ್ಸ್ ಒಂದೇ ಸಾಲಲ್ಲ. ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಸಮ ಅಂತ ಅವರು ಒಪ್ಪೋ ಪದವಿ ಇದ್ರೆ, ಪ್ರಾಜೆಕ್ಟ್‌ಗಳನ್ನ ಮುನ್ನಡೆಸಿದ 36 ತಿಂಗಳ ಅನುಭವ ಬೇಕು. ಅದಕ್ಕಿಂತ ಕಡಿಮೆ ಓದಿದ್ರೆ 60 ತಿಂಗಳು. ಇದರ ಮೇಲೆ 35 ಗಂಟೆ ತರಬೇತಿ. ಬಂದ ಅರ್ಜಿಗಳಲ್ಲಿ ಕೆಲವನ್ನ ಆರಿಸಿ ಆಡಿಟ್ ಮಾಡ್ತಾರೆ. ಹಾಗಾಗಿ ಅನುಭವದ ಕಾಲಂನಲ್ಲಿ ಏನೋ ಒಂದು ತುಂಬಿಸಿಬಿಡೋಣ ಅನ್ನೋ ಸಲಹೆ ಕೊಡೋರ ಹತ್ತಿರ ಹೋಗ್ಲೇಬೇಡಿ. ಕೋರ್ಸ್ ಮುಗಿದ ಮರುದಿನವೇ ಫ್ರೆಶರ್‌ಗೆ ಪಿಎಂಪಿ ಬರೆಸ್ತೀವಿ ಅಂದ್ರೆ, ಆ ಮಾತಿನಲ್ಲಿ 35 ಗಂಟೆ ಇದೆ, 36 ತಿಂಗಳು ಇಲ್ಲ.

ಹೊಸಬರಿಗೆ ಅಂತಲೇ ಪಿಎಂಐ ಇನ್ನೊಂದು ಪರೀಕ್ಷೆ ಇಟ್ಟಿದೆ, ಸಿಎಪಿಎಂ. ಅದಕ್ಕೆ ಅನುಭವ ಬೇಡ, 23 ಗಂಟೆ ತರಬೇತಿ ಸಾಕು. ಕೋರ್ಸೆರಾದಲ್ಲಿರೋ ಗೂಗಲ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಮಾಡಿದ್ರೂ ಆ ಗಂಟೆಗಳು ಸಿಗುತ್ತವೆ. ಫೀಸ್ ಕಷ್ಟ ಅನ್ನೋರು ಅಲ್ಲೇ ಹಣಕಾಸು ನೆರವಿಗೆ ಅರ್ಜಿ ಹಾಕಬಹುದು. ಸ್ವಯಂ ಮತ್ತು ಎನ್‌ಪಿಟೆಲ್‌ನಲ್ಲಿ ಐಐಟಿ ಪ್ರೊಫೆಸರ್‌ಗಳ ಪಾಠ ಉಚಿತ, ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಪಿಎಂಐ ಆಗಾಗ ನಿಯಮ ಬದಲಿಸುತ್ತೆ. ದುಡ್ಡು ಕಟ್ಟೋ ಮುಂಚೆ ಅವರ ವೆಬ್‌ಸೈಟನ್ನ ನೀವೇ ತೆಗೆದು ನೋಡಿ. ಕೋರ್ಸಿನವರ ಪಿಪಿಟಿ ನಂಬ್ಕೋಬೇಡಿ.

ಈಗ ಎರಡನೇ ತಪ್ಪು. "ಎಕ್ಸ್‌ಪೀರಿಯನ್ಸ್ ಏನೂ ಇಲ್ಲ" ಅಂದ್ನಲ್ಲ, ಅದು.

ಗಣೇಶ ಹಬ್ಬದ ಹಿಂದಿನ ದಿನ ಶಾಮಿಯಾನ ಅಂಗಡಿ ಹೇಗಿರುತ್ತೆ ಯೋಚನೆ ಮಾಡಿ. ನಾಲ್ಕು ಕಡೆ ಪೆಂಡಾಲ್ ಆರ್ಡರ್ ಇದೆ. ಹುಡುಗರ ಎರಡು ತಂಡ, ಒಂದೇ ಒಂದು ಟಾಟಾ ಏಸ್. ಪೈಪ್ ಬರದೇ ಬಟ್ಟೆ ಕಟ್ಟೋಕಾಗಲ್ಲ. ಬಟ್ಟೆ ಕಟ್ಟದೇ ಲೈಟಿಂಗ್‌ನವನು ಏಣಿ ಹತ್ತಲ್ಲ. ಲೈಟ್ ಆಗದೇ ಸಮಿತಿಯವರು ಮಂಟಪ ಅಲಂಕಾರಕ್ಕೆ ಕೈ ಹಾಕಲ್ಲ. ಕುರ್ಚಿ ಮಾತ್ರ ಯಾವಾಗ ಬಂದ್ರೂ ನಡೆಯುತ್ತೆ. ಕುರ್ಚಿ ಎರಡು ಗಂಟೆ ತಡ ಆದ್ರೆ ಯಾರಿಗೂ ಗೊತ್ತೇ ಆಗಲ್ಲ. ಪೈಪ್ ಎರಡು ಗಂಟೆ ತಡ ಆದ್ರೆ ಇಡೀ ಪೆಂಡಾಲೇ ಎರಡು ಗಂಟೆ ತಡ.

ಆ ಪೈಪು, ಬಟ್ಟೆ, ಲೈಟು, ಅಲಂಕಾರದ ಸರಪಳಿ ಇದೆಯಲ್ಲ, ಅದಕ್ಕೇ ನಮ್ಮ ಫೀಲ್ಡಲ್ಲಿ ಕ್ರಿಟಿಕಲ್ ಪಾತ್ ಅನ್ನೋದು. ಕುರ್ಚಿಗೆ ಸಿಕ್ಕಿರೋ ಎರಡು ಗಂಟೆ ರಿಯಾಯಿತಿಗೆ ಫ್ಲೋಟ್ ಅಂತಾರೆ. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಅನ್ನೋ ಕೆಮಿಕಲ್ ಕಂಪನಿಯಲ್ಲಿ ಇದನ್ನ ಲೆಕ್ಕದ ರೂಪಕ್ಕೆ ತಂದ್ರು. ನಮ್ಮ ಹುಡುಗನ ಮಾವ ಅದನ್ನ ಓದಿರಲಿಕ್ಕಿಲ್ಲ, ಆದ್ರೂ ಗಾಡಿಗೆ ಮೊದಲು ಪೈಪನ್ನೇ ತುಂಬಿಸ್ತಾರೆ. ಅಂಗಡಿಯಲ್ಲಿ ಕಲಿತ ಈ ಕೆಲಸ ಪಿಎಂಪಿ ಅರ್ಜಿಯಲ್ಲಿ ನಿಲ್ಲುತ್ತೋ ಇಲ್ವೋ ಅದು ಬೇರೆ ಪ್ರಶ್ನೆ. ಕಲಿಕೆಯಾಗಿ ಅದು ಅಪ್ಪಟ.

ಇದೇ ವಿಷಯ ನನಗೆ ಸರಿಯಾಗಿ ತಲೆಗೆ ಹೋಗಿದ್ದು ಹಾಸನದಲ್ಲಿ ನಮ್ಮ ಮನೆ ಕಟ್ಟುವಾಗ. ಅಪ್ಪ ರಿಟೈರ್ಡ್ ಮೇಷ್ಟ್ರು, ಗೃಹಪ್ರವೇಶದ ಮುಹೂರ್ತ ಮೊದಲೇ ಇಡಿಸಿಬಿಟ್ಟಿದ್ರು. ಮೋಲ್ಡ್ ಹಾಕಿದ ಮೇಲೆ ಕೆಲಸ ನಿಂತಂಗೆ ಕಾಣ್ತಿತ್ತು. "ಇನ್ನೂ ಹತ್ತು ಜನ ಕರ್ಕೊಂಬಾಪ್ಪ" ಅಂದ್ರು. ಮೇಸ್ತ್ರಿ ನಕ್ಕು, "ಮೇಷ್ಟ್ರೇ, ಇಪ್ಪತ್ ಜನ ಬೇಕಾದ್ರೂ ತರ್ತೀನಿ. ನೀರು ಕಟ್ಟಿ ಬಿಟ್ಟಿರೋ ಮೋಲ್ಡ್ ಹತ್ರ ನಿಂತ್ಕೊಂಡು ಅವರೇನ್ ಮಾಡ್ತಾರೆ?" ಅಂದ. ಆದ್ರೆ ಅವನು ಸುಮ್ನೆ ಕೂರಲಿಲ್ಲ. ಆ ದಿನಗಳಲ್ಲಿ ಕಾಂಪೌಂಡ್ ಗೋಡೆ ಎಬ್ಬಿಸಿದ, ಬಡಗಿ ಹತ್ರ ಹೋಗಿ ಬಾಗಿಲು ಎಲ್ಲಿಗೆ ಬಂತು ಅಂತ ನೋಡ್ಕೊಂಡು ಬಂದ. ಸಾಫ್ಟ್‌ವೇರ್‌ನಲ್ಲೂ ಇದೇ ಕಥೆ. ಐಬಿಎಂನ ದೊಡ್ಡ ಆಪರೇಟಿಂಗ್ ಸಿಸ್ಟಂ ಪ್ರಾಜೆಕ್ಟ್ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಅನ್ನೋ ಪುಸ್ತಕ ಬರೆದ್ರು. ತಡವಾಗಿರೋ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಜನ ಸೇರಿಸಿದ್ರೆ ಅದು ಇನ್ನೂ ತಡವಾಗುತ್ತೆ ಅನ್ನೋದು ಅದರ ಮುಖ್ಯ ವಾದ. ಹೊಸಬರಿಗೆ ಕೆಲಸ ಹೇಳಿಕೊಡೋದು ಯಾರು? ಈಗಾಗಲೇ ಕೆಲಸದಲ್ಲಿ ಮುಳುಗಿರೋ ಹಳಬರೇ ತಾನೇ.

ಈಗ ಆ ಲೆಕ್ಕ. ಯಶವಂತಪುರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಎಷ್ಟು ಹೊತ್ತು? ರಸ್ತೆ ಖಾಲಿ ಇದ್ರೆ 60 ನಿಮಿಷ, ಸಾಮಾನ್ಯವಾಗಿ 90, ಮಳೆ ಬಂದ್ರೆ 180 ಅಂತ ಇಟ್ಕೊಳ್ಳಿ. ಸಾಮಾನ್ಯದ್ದನ್ನ ನಾಲ್ಕರಿಂದ ಗುಣಿಸಿ, ಉಳಿದೆರಡನ್ನ ಕೂಡಿಸಿ, ಆರರಿಂದ ಭಾಗಿಸಿ. 60, 360, 180 ಸೇರಿ 600. ಭಾಗಿಸಿದ್ರೆ 100 ನಿಮಿಷ. ಇದು ಪರ್ಟ್ ಅಂದಾಜು, 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಅಂತ ಹುಟ್ಟಿದ ವಿಧಾನ. ಸೂತ್ರ ಮರೆತುಹೋದ್ರೂ ಪರವಾಗಿಲ್ಲ. ಯಾರಾದ್ರೂ "ಎರಡು ದಿನ ಸಾಕು" ಅಂದಾಗ "ಎಲ್ಲಾ ಕೆಟ್ಟರೆ ಎಷ್ಟು ದಿನ?" ಅಂತ ಕೇಳೋ ಅಭ್ಯಾಸ ಆಗಬೇಕು.

ಇಲ್ಲೀವರೆಗೆ ಹೇಳಿದ್ದೆಲ್ಲಾ ನನಗೂ ಗೊತ್ತಿತ್ತು, ನನ್ನ ಮೊದಲ ಪ್ರಾಜೆಕ್ಟ್ ಕೆಡಿಸಿದಾಗಲೂ ಗೊತ್ತಿತ್ತು.

ನಾನು ಟೆಸ್ಟಿಂಗ್‌ನಿಂದ ಬಂದವಳು. ನಾಲ್ಕು ವರ್ಷ ಆದ್ಮೇಲೆ ಒಂದು ಆರು ಜನರ ತಂಡ ಕೈಗೆ ಕೊಟ್ರು. ಒಂದು ಅಂಗಡಿ ಆ್ಯಪ್‌ಗೆ ಪೇಮೆಂಟ್ ಸೇರಿಸೋ ಕೆಲಸ, 12 ವಾರ. ಐದನೇ ವಾರಕ್ಕೆ ಬ್ಯಾಂಕಿನವರು ಟೆಸ್ಟ್ ಮಾಡೋ ವ್ಯವಸ್ಥೆಗೆ ನಮಗೆ ಪ್ರವೇಶ ಕೊಡಬೇಕಿತ್ತು, ಕೊಡಲಿಲ್ಲ. ಪ್ರತಿ ಶುಕ್ರವಾರ ಕ್ಲೈಂಟ್‌ಗೆ ಸ್ಟೇಟಸ್ ರಿಪೋರ್ಟ್ ಹೋಗುತ್ತೆ. ಎಲ್ಲಾ ಸರಿ ಇದ್ರೆ ಹಸಿರು, ಅನುಮಾನ ಇದ್ರೆ ಹಳದಿ, ಕೆಟ್ಟಿದ್ರೆ ಕೆಂಪು. ನಾನು ಹಸಿರು ಹಾಕಿದೆ. ಸೋಮವಾರ ಬಂದುಬಿಡುತ್ತೆ ಬಿಡು ಅಂತ. ಆರನೇ ವಾರವೂ ಹಸಿರು, ಏಳನೇ ವಾರವೂ ಹಸಿರು. ಮೊದಲ ಪ್ರಾಜೆಕ್ಟಲ್ಲೇ ಹಳದಿ ತೋರಿಸಿದ್ರೆ ಇವಳಿಗೆ ಆಗಲ್ಲ ಅಂದ್ಕೋತಾರೆ ಅನ್ನೋ ಭಯ, ಅಷ್ಟೇ. ಇಂಥದಕ್ಕೆ ನಮ್ಮಲ್ಲಿ ಕಲ್ಲಂಗಡಿ ಪ್ರಾಜೆಕ್ಟ್ ಅಂತಾರೆ. ಹೊರಗೆ ಹಸಿರು, ಕೊಯ್ದರೆ ಕೆಂಪು.

ಎಂಟನೇ ವಾರ ಒಪ್ಕೊಂಡೆ. ಆಮೇಲೆ ಒಂದು ತಿಂಗಳು ತಂಡಕ್ಕೆ ಶನಿವಾರ ಭಾನುವಾರ ಇರಲಿಲ್ಲ. ಶಿರಸಿ ಕಡೆಯ ಒಬ್ಬ ಹುಡುಗ ತನ್ನ ಸ್ವಂತ ಅಕ್ಕನ ಮದುವೆಗೆ ರಾತ್ರಿ ಬಸ್ಸಲ್ಲಿ ಹೋಗಿ, ಧಾರೆ ಮುಗಿಸಿ, ಅದೇ ರಾತ್ರಿ ಬಸ್ಸಲ್ಲಿ ವಾಪಸ್ ಬಂದ. ಏನೂ ಅನ್ನಲಿಲ್ಲ. ಎರಡು ತಿಂಗಳಿಗೆ ಪೇಪರ್ ಹಾಕಿದ.

ಕೆಲಸ ಮುಗಿದ ಮೇಲೆ ಕೊನೇ ಮೀಟಿಂಗ್‌ನಲ್ಲಿ ಕ್ಲೈಂಟ್ ಕಡೆಯವರು ಒಂದು ಮಾತು ಹೇಳಿದ್ರು. ಆ ಬ್ಯಾಂಕಿನ ಜೊತೆ ಅವರದು ಹಳೇ ವ್ಯವಹಾರ. ಐದನೇ ವಾರವೇ ಹೇಳಿದ್ರೆ ಒಂದು ಫೋನ್ ಮಾಡಿ ಕೊಡಿಸ್ತಿದ್ವಲ್ಲಾ ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಅವತ್ತಿಂದ ನನ್ನ ತಂಡಕ್ಕೆ ಯಾರೇ ಬಂದ್ರೂ ಮೊದಲು ಕಲಿಸೋದು ಗ್ಯಾಂಟ್ ಚಾರ್ಟ್ ಅಲ್ಲ, ಕೆಟ್ಟ ಸುದ್ದಿ ಹೇಳೋ ರೀತಿ. ಬರೀ "ತಡ ಆಗ್ತಿದೆ" ಅಂದ್ರೆ ಕೇಳೋರು ಗಾಬರಿ ಆಗ್ತಾರೆ, ಇಲ್ಲಾಂದ್ರೆ ಕೋಪ ಮಾಡ್ಕೋತಾರೆ. ಹೀಗೆ ಹೇಳಿ ನೋಡಿ: "ಬ್ಯಾಂಕ್ ಪ್ರವೇಶ ಇವತ್ತು ಬರಬೇಕಿತ್ತು, ಬಂದಿಲ್ಲ. ಬುಧವಾರದೊಳಗೆ ಬರದಿದ್ರೆ ಬಿಡುಗಡೆ ಒಂದು ವಾರ ಮುಂದೆ ಹೋಗುತ್ತೆ. ನಾವು ಎರಡು ಮೇಲ್ ಹಾಕಿದ್ದೀವಿ. ನಿಮ್ಮ ಕಡೆಯಿಂದ ಯಾರಾದ್ರೂ ಮಾತಾಡೋಕಾಗುತ್ತಾ?" ಇದರಲ್ಲಿ ಏನಾಗಿದೆ, ಯಾವತ್ತಿನ ತನಕ ತಡ್ಕೋಬಹುದು, ನಾವೇನು ಮಾಡಿದ್ವಿ, ನಿಮ್ಮಿಂದ ಏನು ಬೇಕು ಅನ್ನೋದೆಲ್ಲಾ ಬಂತು.

ಇನ್ನೊಂದು ಅಭ್ಯಾಸ, ಮೀಟಿಂಗ್ ಆದ್ಮೇಲೆ ನಾಲ್ಕು ಸಾಲು ಬರೆದು ಎಲ್ಲರಿಗೂ ಕಳಿಸೋದು. ಯಾರು, ಏನು, ಯಾವತ್ತು. "ಆದಷ್ಟು ಬೇಗ" ಅನ್ನೋ ಪದ ನನ್ನ ತಂಡದಲ್ಲಿ ನಿಷೇಧ. "ನೋಡ್ಕೋತೀವಿ" ಕೂಡ. ನೋಡ್ಕೋತೀವಿ ಅಂದ್ರೆ ಯಾರೂ ನೋಡ್ಕೊಳ್ಳಲ್ಲ ಅಂತ ಅರ್ಥ. ಜೊತೆಗೆ ಒಂದು ಗೂಗಲ್ ಶೀಟ್ ಇಟ್ಕೊಳ್ಳಿ: ಏನು ಕೆಡಬಹುದು, ಕೆಟ್ಟರೆ ಎಷ್ಟು ನಷ್ಟ, ಅದರ ಮೇಲೆ ಕಣ್ಣಿಡೋದು ಯಾರು. ಇದಕ್ಕೆ ರಿಸ್ಕ್ ರಿಜಿಸ್ಟರ್ ಅನ್ನೋ ದೊಡ್ಡ ಹೆಸರಿದೆ.

ಕೆಲಸದ ವಿಷಯಕ್ಕೆ ಬರೋಣ. ಪ್ರಾಜೆಕ್ಟ್ ಮ್ಯಾನೇಜರ್ ಅಂತಲೇ ಹುಡುಕಿದ್ರೆ ಫ್ರೆಶರ್‌ಗೆ ಸಿಗೋದು ಬಹಳ ಅಪರೂಪ. ಪ್ರಾಜೆಕ್ಟ್ ಕೋಆರ್ಡಿನೇಟರ್, ಪಿಎಂಒ ಅನಲಿಸ್ಟ್ ಅಂತ ಹುಡುಕಿ. ಸಿವಿಲ್ ಓದಿದೋರು ಪ್ಲಾನಿಂಗ್ ಇಂಜಿನಿಯರ್ ನೋಡಿ, ಅಲ್ಲಿ ಪ್ರಿಮವೆರಾ, ಎಂಎಸ್ ಪ್ರಾಜೆಕ್ಟ್ ಕೇಳ್ತಾರೆ. ಸಾಫ್ಟ್‌ವೇರ್ ಕಡೆ ಜಿರಾ. ಸ್ಕ್ರಮ್ ಪದ್ಧತಿಯಲ್ಲಿ ನಡೆಯೋ ತಂಡಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅನ್ನೋ ಹುದ್ದೆಯೇ ಇರಬೇಕಂತಿಲ್ಲ. ಸ್ಕ್ರಮ್ ಗೈಡ್‌ನಲ್ಲಿರೋದು ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್, ಡೆವಲಪರ್‌ಗಳು, ಇಷ್ಟೇ. ಟೂಲ್‌ಗಳ ಬಗ್ಗೆ ತಲೆ ಕೆಡಿಸ್ಕೋಬೇಡಿ, ಎಕ್ಸೆಲ್ ಚೆನ್ನಾಗಿ ಬಂದ್ರೆ ಉಳಿದದ್ದು ಕೆಲಸಕ್ಕೆ ಸೇರಿದ ಮೇಲೆ ಬರುತ್ತೆ.

ನಾನು ಇಂಟರ್‌ವ್ಯೂ ತಗೊಳ್ಳುವಾಗ ಒಂದು ಪ್ರಶ್ನೆ ತಪ್ಪದೇ ಕೇಳ್ತೀನಿ: ನೀವು ಅಂದ್ಕೊಂಡಂಗೆ ಆಗದೇ ಇದ್ದ ಒಂದು ಕೆಲಸ ಹೇಳಿ, ನಿಮಗೆ ಅದು ಯಾವಾಗ ಗೊತ್ತಾಯ್ತು, ಯಾರಿಗೆ ಯಾವಾಗ ಹೇಳಿದ್ರಿ? "ಟೀಮ್ ಪ್ಲೇಯರ್, ಹಾರ್ಡ್ ವರ್ಕಿಂಗ್" ಅಂತ ಶುರು ಮಾಡಿದೋರು ಇಲ್ಲಿ ತಡವರಿಸ್ತಾರೆ. ಕಾಲೇಜ್ ಫೆಸ್ಟ್‌ನಲ್ಲಿ ಜನರೇಟರ್ ಬರಲಿಲ್ಲ, ಹಿಂದಿನ ದಿನವೇ ಅನುಮಾನ ಬಂದು ಇನ್ನೊಬ್ಬನಿಗೆ ಹೇಳಿಟ್ಟಿದ್ದೆ ಅಂದ ಒಬ್ಬ ಹುಡುಗಿಯನ್ನ ಇಂಗ್ಲಿಷ್ ಸ್ವಲ್ಪ ತೊಡರಿದ್ರೂ ತಗೊಂಡೆ. ಇಂಗ್ಲಿಷ್ ಬೇಡ ಅಂತ ಹೇಳ್ತಿಲ್ಲ. ಮೇಲ್ ಬರೆಯೋಕಂತೂ ಬೇಕೇ ಬೇಕು, ದಿನಾ ಒಂದು ಸಣ್ಣ ಮೇಲ್ ಬರೆದು ರೂಢಿ ಮಾಡ್ಕೊಳ್ಳಿ.

ದಾವಣಗೆರೆ ತಮ್ಮನಿಗೆ ನಾನು ಕಳಿಸಿದ ಉತ್ತರ ಇದು. ಬಳೆ ಅಮ್ಮನ ಕೈಯಲ್ಲೇ ಇರಲಿ. ಮೊದಲು ಉಚಿತ ಪಾಠ ಮುಗಿಸು, ಆಸಕ್ತಿ ಉಳಿದ್ರೆ ಸಿಎಪಿಎಂ ನೋಡೋಣ. ಈ ಸಲದ ಗಣೇಶನ ಆರ್ಡರ್‌ಗಳನ್ನೆಲ್ಲಾ ಒಂದು ಶೀಟಿಗೆ ಹಾಕು. ಯಾವ ಕೆಲಸ ಯಾವುದಕ್ಕೆ ಕಾಯ್ತಿದೆ, ಗಾಡಿ ಯಾವ ಹೊತ್ತಿಗೆ ಎಲ್ಲಿ, ಅಂದಾಜು ಎಷ್ಟು, ಕೊನೆಗೆ ನಿಜವಾಗಿ ಎಷ್ಟು ಹೊತ್ತಾಯ್ತು. ಮಾವನಿಗೂ ತೋರಿಸು, ಅವರು ಬೈದ ಜಾಗದಲ್ಲಿ ಗುರುತು ಹಾಕ್ಕೋ. ಹಬ್ಬ ಮುಗಿದ ಮೇಲೆ ನನಗೆ ಕಳಿಸು.

ನಿನ್ನೆ ಉತ್ತರ ಬಂದಿದೆ. "ಅಕ್ಕಾ, ಶೀಟ್ ಹಾಕ್ದೆ. ಈಗಲೇ ನೋಡಿದ್ರೆ ಎರಡು ಪೆಂಡಾಲ್‌ಗೆ ಗಾಡಿ ಒಂದೇ ಹೊತ್ತಿಗೆ ಬೇಕಾಗಿದೆ. ಮಾವನಿಗೆ ಇನ್ನೂ ಹೇಳಿಲ್ಲ."

ಇವತ್ತೇ ಹೇಳಪ್ಪ. ಮುಂದಿನ ವಾರ ಸಿಗೋಣ, ನಮಸ್ಕಾರ.